ಹಜೇರಿಯಲ್ಲಿ ಇಲ್ಲದವರು

ಸಾಲಿ ಮಕ್ಕಳಿಗೆ ಸಾವು ಮೊದಲು ಪರಿಚಯವಾಗುವುದು ಸೂಟಿಯ ರೂಪದಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ, ಎರಡನೆಯ ತಾಸೋ ಮೂರನೆಯ ತಾಸೋ ನಡೆದಿರುವಾಗ, ಗಂಟೆ ಬಾರಿಸುತ್ತದೆ. ಮಕ್ಕಳು ಪಾಟೀಚೀಲ ಅಲ್ಲಿಯೇ ಬಿಟ್ಟು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ. ಮುಖ್ಯಾಧ್ಯಾಪಕರು ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಬರುತ್ತಾರೆ. ಇಂಥವರು ದೈವಾಧೀನರಾದರೆಂದು ತಿಳಿಸಲು ವಿಷಾದವಾಗುತ್ತದೆ, ಅವರ ಆತ್ಮಕ್ಕೆ ಶಾಂತಿ ಕೋರಿ ಎರಡು ನಿಮಿಷ ಮೌನ ಆಚರಿಸೋಣ ಎನ್ನುತ್ತಾರೆ. ಮಕ್ಕಳು ಕಣ್ಣು ಮುಚ್ಚುತ್ತವೆ. ನಾವು ಶಿಕ್ಷಕಿಯರು ಕಣ್ಣು ಮುಚ್ಚುವಂತಿಲ್ಲ. ಯಾರು ಯಾರ ಜಡೆ ಎಳೆಯುತ್ತಿದ್ದಾರೆಂದು ನೋಡಬೇಕಲ್ಲ. ಒಮ್ಮೆ ಕೈಗಡಿಯಾರ ನೋಡಿದ್ದೆ. ನಮ್ಮ ಹಿರಿಯ ಮುಖ್ಯಾಧ್ಯಾಪಕರ ಎರಡು ನಿಮಿಷ ಐವತ್ತು ಸೆಕೆಂಡಿಗೆ ಮುಗಿದಿತ್ತು. ಅವರ ತಪ್ಪೇನಿಲ್ಲ. ಒಂದನೆಯ ಇಯತ್ತೆಯ ಮಕ್ಕಳು ಅದಕ್ಕಿಂತ ಹೆಚ್ಚು ಹೊತ್ತು ನಗದೆ ನಿಲ್ಲಲಾರವು. "ಇಂದಿನ ತರಗತಿಗಳು ಇರುವುದಿಲ್ಲ" ಎಂಬ ಮಾತು ಬಂತೆಂದರೆ ಸಾಕು, ಹೋ ಎಂದು ಓಟ. ಹೋದವರು ಯಾರು ಎಂದು ಗೇಟಿನ ಹತ್ತಿರ ಕೇಳಿದರೆ ಅರ್ಧ ಮಕ್ಕಳಿಗೆ ಗೊತ್ತಿರುವುದಿಲ್ಲ.

ನನಗೆ ಇದರಿಂದ ಸಿಟ್ಟು ಬಂದದ್ದಿಲ್ಲ. ಮಕ್ಕಳು ಅಳಬೇಕೆಂದು ಸುತ್ತೋಲೆ ಹೊರಡಿಸಲಾಗುತ್ತದೆಯೇ? ಒಮ್ಮೊಮ್ಮೆ ಅವು ತಾವಾಗಿಯೇ ನಿಲ್ಲುತ್ತವೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಸಿಕ್ಕಿಯೂ ಜೀವ ಹಿಡಿದುಕೊಂಡಿದ್ದ ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಸೈನಿಕ ಹನುಮಂತಪ್ಪ ಕೊಪ್ಪದ 11ನೇ ತಾರೀಖು ದಿಲ್ಲಿಯಲ್ಲಿ ತೀರಿಕೊಂಡರು. ಅಷ್ಟೂ ದಿನ ಮಕ್ಕಳು ಟಿ.ವಿ. ನೋಡಿ ಬಂದು ನಮಗೇ ಸುದ್ದಿ ಹೇಳುತ್ತಿದ್ದವು. ಅವರಿಗಾಗಿ ನಾವು ಮೌನ ನಿಂತಾಗ ಒಂದು ಮಗುವೂ ನಗಲಿಲ್ಲ. 2019ರ ಜನವರಿ 21ರಂದು ಸಿದ್ಧಗಂಗೆಯ ಶ್ರೀಗಳು ಲಿಂಗೈಕ್ಯರಾಗಿ ಮರುದಿನ ರಾಜ್ಯಕ್ಕೆಲ್ಲ ಸೂಟಿ ಕೊಟ್ಟರು. ಸೂಟಿ ಮುಗಿಸಿ ಬಂದ ಒಬ್ಬ ಹುಡುಗ, "ಟೀಚರ್, ನೂರಾ ಹನ್ನೊಂದು ವರ್ಷ ಅಂತ್ರಿ! ನಮ್ಮ ಅಜ್ಜಗ ಎಪ್ಪತ್ತಕ್ಕ ಸಾಕಾಗೇತಿ" ಎಂದಿದ್ದ.

ನಮ್ಮದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಒಂದು ಸಣ್ಣ ಖಾಸಗಿ ಕನ್ನಡ ಶಾಲೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಕಮಿಟಿಯವರು ಹೊಗಳಿದ ಭಾಗ ಕಡಿಮೆಯಾಯಿತೆಂದು ನನ್ನನ್ನು ಕರೆದು ಕೇಳಿಯಾರು. ಬೆಂಗೇರಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಸಂತೆ, ಇಲ್ಲವೆ ರಾಷ್ಟ್ರಧ್ವಜ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿಯೇ ಇದೆ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಹಿಡಿದು, ಚಕ್ರ ಅಚ್ಚಾಗಿ, ಹೊಲಿಗೆಯಾಗಿ, ಧ್ವಜವಾಗಿ ದೇಶಕ್ಕೆಲ್ಲ ಹೋಗುತ್ತದೆ. ಕೆಲಸದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಮಕ್ಕಳ ತಾಯಂದಿರಲ್ಲಿ ಕೆಲವರು ಅಲ್ಲಿ ಹೊಲಿಗೆಗೆ ಹೋಗುತ್ತಿದ್ದರು. 2021ರ ಕೊನೆಗೆ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟ ಮೇಲೆ ಅವರು ಪಾಲಕರ ಸಭೆಗೆ ಬಂದಾಗಲೂ ಅದೇ ಚಿಂತೆಯ ಮಾತು ಆಡುತ್ತಿದ್ದರು. ಧ್ವಜದ ವಿಷಯ ನಮ್ಮ ಊರಿನಲ್ಲಿ ಮನೆಯ ವಿಷಯ.

ಅದಕ್ಕೇ ನಮ್ಮ ಮಕ್ಕಳಿಗೆ ಒಂದು ಸಂಗತಿ ಬಾಯಿಪಾಠ. ಧ್ವಜವನ್ನು ಅರ್ಧಕ್ಕೆ ಇಳಿಸಬೇಕಾದರೆ ಸೀದಾ ಅರ್ಧಕ್ಕೆ ಏರಿಸಿ ಬಿಡುವಂತಿಲ್ಲ. ಮೊದಲು ತುದಿಯವರೆಗೆ ಒಯ್ದು, ಅಲ್ಲಿಂದ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವಾಗಲೂ ಹಾಗೆಯೇ, ಮತ್ತೆ ತುದಿಗೆ ಏರಿಸಿ ಆಮೇಲೆ ಕೆಳಗೆ. ಯಾರಿಗಾಗಿ ಇಳಿಸಬೇಕೆಂಬುದಕ್ಕೂ ನಿಯಮವಿದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಮಂತ್ರಿ ತೀರಿಕೊಂಡರೆ ದೇಶವಿಡೀ. ಉಳಿದವರಿಗೆ ಸರಕಾರದ ಆದೇಶ ಬರಬೇಕು. ನಮ್ಮ ಮನಸ್ಸಿಗೆ ಬಂದವರಿಗೆಲ್ಲ ನಾವು ಇಳಿಸುವಂತಿಲ್ಲ. ಶಾಲೆಯಲ್ಲಿ ನಮ್ಮವರು ಯಾರಾದರೂ ಹೋದರೆ ನಮಗಿರುವುದು ಗಂಟೆ ಮಾತ್ರ.

ಶಾಲೆಗೆ ಐವತ್ತು ವರ್ಷ ತುಂಬಿದಾಗ ಸ್ಮರಣ ಸಂಚಿಕೆ ತರಬೇಕೆಂದಾಯಿತು. ಸ್ಮರಣ ಸಂಚಿಕೆ ಎಂದರೆ ನಿಮಗೆ ಗೊತ್ತಲ್ಲ. ಮುಂದಿನ ಹತ್ತು ಪುಟ ಸಂದೇಶ, ಹಿಂದಿನ ಇಪ್ಪತ್ತು ಪುಟ ಜಾಹೀರಾತು, ನಡುವೆ ಎಲ್ಲಾದರೂ ಶಾಲೆ. ಅದರಲ್ಲಿ "ಅಗಲಿದ ಚೇತನಗಳಿಗೆ ನಮನ" ಎಂದು ಒಂದು ಪುಟ ಇರಬೇಕು, ಹೆಸರುಗಳನ್ನು ನೀವು ಕೂಡಿಸಿ ಕೊಡಿರಿ ಎಂದು ನನಗೆ ಹೇಳಿದರು. ನನ್ನ ಅಕ್ಷರ ದುಂಡಗೆ ಇವೆಯೆಂಬುದು ಕಾರಣ. ಇಪ್ಪತ್ತೈದು ವರ್ಷದ ಮೇಲೆ ಇದೇ ಶಾಲೆಯಲ್ಲಿರುವವಳು ನಾನೊಬ್ಬಳೇ ಉಳಿದಿದ್ದೆ ಎಂಬುದು ನಿಜವಾದ ಕಾರಣ. ಒಂದು ವಾರದ ಕೆಲಸವೆಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು.

ಸಂಸ್ಥಾಪಕರದು ಸುಲಭ. ಅವರು ಆಫೀಸಿನ ಗೋಡೆಯ ಮೇಲೆಯೇ ಇದ್ದಾರೆ, ಗಂಧದ ಚಕ್ಕೆಯ ಹಾರ ಹಾಕಿಕೊಂಡು. ದಾನಿಗಳೂ ಸುಲಭ, ಒಂದೊಂದು ಕೋಣೆಯ ಬಾಗಿಲ ಮೇಲೆ ಒಂದೊಂದು ಸಂಗಮರವರಿ ಕಲ್ಲು. ಆದರೆ ಕಲ್ಲಿನ ಮೇಲೆ ಬರೆಸಿದವರು ನೆನಪಿನಲ್ಲಿ ಇರುತ್ತಾರೆಂಬ ಭರವಸೆ ನನಗಿಲ್ಲ. ನಮ್ಮ ಭಾಗದ ಶಾಲೆ ಕಾಲೇಜುಗಳ ಹೆಸರು ನೋಡಿ. ಬೆಳಗಾವಿಯ ಜಿ.ಎ. ಹೈಸ್ಕೂಲು ಎನ್ನುತ್ತೇವೆ. ಅದು ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡ ಎಂಬ ಇಬ್ಬರು ಹಿರಿಯರ ಹೆಸರು. ಎರಡಕ್ಷರದಲ್ಲಿ ಇಬ್ಬರೂ ಮಡಚಿಕೊಂಡು ಕೂತಿದ್ದಾರೆ. ಹುಬ್ಬಳ್ಳಿಯ ಬಿ.ವಿ.ಬಿ.ಯಲ್ಲಿ ಓದಿ ಇಂಜಿನಿಯರ್ ಆದ ನನ್ನ ತಂಗಿಯ ಮಗನಿಗೆ ಆ ಕೊನೆಯ 'ಬಿ' ಭೂಮರಡ್ಡಿಯವರದೆಂದು ನಾನು ಹೇಳಬೇಕಾಯಿತು. ಇನ್ನು ಲ್ಯಾಮಿಂಗ್ಟನ್ ಶಾಲೆ. ಲಾರ್ಡ್ ಲ್ಯಾಮಿಂಗ್ಟನ್ 1903ರಿಂದ 1907ರವರೆಗೆ ಮುಂಬಯಿ ಪ್ರಾಂತದ ಗವರ್ನರನಾಗಿದ್ದ; ನೂರು ವರ್ಷ ಕಳೆದರೂ ಹುಬ್ಬಳ್ಳಿಯ ರಿಕ್ಷಾದವರು ದಿನಕ್ಕೆ ಹತ್ತು ಸಲ ಅವನ ಹೆಸರು ಹೇಳುತ್ತಾರೆ, ಅವನು ಯಾರೆಂದು ತಿಳಿಯುವ ಗೋಜಿಗೆ ಹೋಗದೆ. ಅದೇ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಕಟ್ಟಿದ ಏಳು ಜನರನ್ನು ಇಂದಿಗೂ ಸಪ್ತರ್ಷಿಗಳು ಎಂದು ಕರೆಯುತ್ತಾರೆ. ಅವರು ಶಿಕ್ಷಕರು ಎಂಬುದು ನನಗೆ ಒಳಗೊಳಗೇ ಹೆಮ್ಮೆ. ಗೋಡೆಯ ಮೇಲೆ ಮಾಸ್ತರರು ಏರುವುದು ಅಪರೂಪ.

ಶಿಕ್ಷಕರ ಹೆಸರಿಗೆ ಸಂಬಳದ ವಹಿ ಇತ್ತು, ಸೇವಾ ಪುಸ್ತಕ ಇತ್ತು. ಹಳೆಯ ಶ್ರದ್ಧಾಂಜಲಿ ಠರಾವುಗಳೂ ಸಿಕ್ಕವು. ಎಲ್ಲದರಲ್ಲಿಯೂ "ಸಂಸ್ಥೆಗೆ ತುಂಬಲಾರದ ನಷ್ಟ" ಎಂದೇ ಇದೆ. ಒಬ್ಬರ ಠರಾವಿನ ಕೆಳಗೆ ಅದೇ ಸಭೆಯ ಮುಂದಿನ ವಿಷಯ: ಸದರಿ ಹುದ್ದೆ ತುಂಬಲು ಜಾಹೀರಾತು ಕೊಡುವುದು.

ಈ ಪಟ್ಟಿಯ ತೀರ ಈಚಿನ ಹೆಸರು ನನ್ನ ಜೊತೆಗೆ ಗಣಿತ ಕಲಿಸುತ್ತಿದ್ದಾಕೆಯದು. 2021ರ ಮೇ ತಿಂಗಳು, ಕೊರೊನಾದ ಎರಡನೆಯ ಅಲೆ. ಶಾಲೆ ಮುಚ್ಚಿತ್ತು, ಆದ್ದರಿಂದ ಗಂಟೆಯೂ ಇಲ್ಲ, ಅಂಗಳವೂ ಇಲ್ಲ. ನಾವೆಲ್ಲ ಮೊಬೈಲಿನಲ್ಲಿ ಕೂಡಿ ಎರಡು ನಿಮಿಷ ಮೌನ ಆಚರಿಸಿದೆವು. ಎಲ್ಲರೂ ಮೈಕ್ ಬಂದ್ ಮಾಡಿರಿ ಎಂದು ಮುಖ್ಯಾಧ್ಯಾಪಕಿ ಹೇಳಿದರು. ಯಾರೋ ಒಬ್ಬರು ಬಂದ್ ಮಾಡಿರಲಿಲ್ಲ. ಮೌನದ ನಡುವೆ ಕುಕ್ಕರು ಮೂರು ಸಲ ಕೂಗಿತು. ಬದುಕಿದ್ದರೆ ಆಕೆಯೇ ಮೊದಲು ನಗುತ್ತಿದ್ದಳು. ಶಿಕ್ಷಕರ ವಾಟ್ಸಾಪ್ ಗುಂಪಿನಿಂದ ಆಕೆಯ ನಂಬರು ತೆಗೆಯಲು ಯಾರಿಗೂ ಕೈ ಬರಲಿಲ್ಲ. ನಾವು ಕಳಿಸಿದ ಸುತ್ತೋಲೆ, ಸಂಕ್ರಾಂತಿಯ ಶುಭಾಶಯ, ಎಲ್ಲ ಆಕೆಗೂ ಹೋಗುತ್ತಿದ್ದವು. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ನಂಬರು ತಾನಾಗಿಯೇ ಗುಂಪು ಬಿಟ್ಟಿತೆಂದು ಪರದೆಯ ಮೇಲೆ ಒಂದು ಸಾಲು ಬಂತು. ಆ ದಿನ ನಮ್ಮ ಶಿಕ್ಷಕರ ಕೋಣೆಯಲ್ಲಿ ಯಾರೂ ಡಬ್ಬಿ ಬಿಚ್ಚಲಿಲ್ಲ.

ಮಕ್ಕಳ ಹೆಸರು ಹುಡುಕುವುದು ಕಷ್ಟವಾಯಿತು. ಹುಬ್ಬಳ್ಳಿಯಲ್ಲಿ ಸತ್ತ ಒಬ್ಬ ಶಾಲಾ ಬಾಲಕನ ಹೆಸರು ಎಲ್ಲರಿಗೂ ಗೊತ್ತು. 1942ರ ಚಲೇಜಾವ್ ಚಳವಳಿಯಲ್ಲಿ ಪೋಲೀಸರ ಗುಂಡಿಗೆ ಬಿದ್ದ ನಾರಾಯಣ ಡೋಣಿ. ಅವನ ಪಾಠವನ್ನು ಆಗಸ್ಟ್ ತಿಂಗಳಲ್ಲಿ ನಾನೂ ಮಕ್ಕಳಿಗೆ ಹೇಳುತ್ತೇನೆ. ಆದರೆ ಜ್ವರ ಬಂದು ಸತ್ತ ಮಗು, ಕೆರೆಗೆ ಈಜಲು ಹೋಗಿ ಬಾರದ ಮಗು, ಅವು ಯಾವ ಪಾಠದಲ್ಲಿಯೂ ಬರುವುದಿಲ್ಲ. ಅವು ಇರುವುದು ಜನರಲ್ ರಜಿಸ್ಟರಿನಲ್ಲಿ. ದಪ್ಪ ರಟ್ಟಿನ, ಎರಡು ಕೈಯಿಂದ ಎತ್ತಬೇಕಾದ ಆ ಪುಸ್ತಕದಲ್ಲಿ ಶಾಲೆಗೆ ಬಂದ ಪ್ರತಿ ಮಗುವಿಗೂ ಒಂದು ನಂಬರು, ಒಂದು ಅಡ್ಡಸಾಲು: ಹೆಸರು, ತಂದೆ, ತಾಯಿ, ಹುಟ್ಟಿದ ದಿನ, ಬಂದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಬಿಟ್ಟ ಕಾರಣದ ಅಂಕಣದಲ್ಲಿ ಸಾವಿರಾರು ಸಾಲು "ಪಾಲಕರ ಇಚ್ಛೆಯಂತೆ" ಎಂದೇ ಇರುತ್ತದೆ. ನಾನು ಐವತ್ತು ವರ್ಷದ ಆ ಅಂಕಣವನ್ನು ಬೆರಳಿಟ್ಟು ಓದಿದೆ. ಬೇರೆ ಶಬ್ದ ಬಂದಲ್ಲಿ ಬೆರಳು ನಿಲ್ಲುತ್ತಿತ್ತು. ಒಂಬತ್ತು ಕಡೆ ನಿಂತಿತು.

ಆ ಒಂಬತ್ತರಲ್ಲಿ ಒಬ್ಬಳು ನನ್ನ ತರಗತಿಯವಳು. ನಾನು ಕೆಲಸಕ್ಕೆ ಸೇರಿದ ಹೊಸತು, ಎಂಟನೆಯ ಇಯತ್ತೆ ನನ್ನ ಕೈಗೆ ಕೊಟ್ಟಿದ್ದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಓದುವಾಗ ತುಟಿ ಅಲುಗಾಡಿಸುವ ಅಭ್ಯಾಸ. ಹಜೇರಿಯಲ್ಲಿ ಹದಿನೇಳನೆಯ ನಂಬರು. ಮಳೆಗಾಲದ ಜ್ವರ, ದವಾಖಾನೆಯಲ್ಲಿ ನಾಲ್ಕು ದಿನ, ಅಷ್ಟೆ. ಮರುದಿನ ಹಜೇರಿ ತೆಗೆಯುವಾಗ ಹದಿನಾರು ಎಂದೆ, ಹಾಜರ್ ಎಂದರು. ಹದಿನೆಂಟು ಎಂದೆ. ಹದಿನೆಂಟನೆಯವಳು ಉತ್ತರ ಕೊಡಲು ಹೊತ್ತು ಮಾಡಿದಳು. ವರ್ಷವಿಡೀ ಹಾಗೆಯೇ ನಡೆಯಿತು. ಹದಿನಾರರ ನಂತರ ತರಗತಿ ಒಮ್ಮೆ ಉಸಿರು ಹಿಡಿದು ಬಿಡುತ್ತಿತ್ತು. ಅವಳು ಕೂರುತ್ತಿದ್ದ ಬಾಕಿನ ಮೇಲೆ ಇಬ್ಬರೇ ಕೂರುತ್ತಿದ್ದರು, ಉಳಿದವುಗಳ ಮೇಲೆ ನಾಲ್ವರು. ತಪಾಸಣೆಗೆ ಬಂದ ಸಾಹೇಬರು, ಇದೇನು ವ್ಯವಸ್ಥೆ, ಸರಿಯಾಗಿ ಕೂಡಿಸಬಾರದೆ ಎಂದು ನನಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಬಾಕಿನ ಹುಡುಗಿ ಎದ್ದು ನಿಂತು, "ಅಲ್ಲೆ ಜಾಗಾ ಐತ್ರಿ ಸರ್, ಆದ್ರ ಖಾಲಿ ಇಲ್ರಿ" ಎಂದಳು. ಸಾಹೇಬರು ಮುಂದೆ ಕೇಳಲಿಲ್ಲ. ದೊಡ್ಡ ಮನುಷ್ಯರು.

ವರ್ಷ ತುಂಬಿದ ಮೇಲೆ ಅವಳ ತಂದೆ ಶಾಲೆಗೆ ಬಂದರು. ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರು. ಆಫೀಸಿನ ಹೊರಗೆ ಚಪ್ಪಲಿ ಬಿಟ್ಟು, ಕ್ಲಾರ್ಕರ ಮುಂದೆ ನಿಂತು, ಮಗಳ ದಾಖಲೆ ಬೇಕು ಎಂದರು. ಶಾಲೆ ಬಿಟ್ಟ ಪ್ರಮಾಣಪತ್ರ. ಕ್ಲಾರ್ಕರು ನನ್ನನ್ನು ಕರೆಸಿದರು.

"ಅದನ್ನ ತಗೊಂಡು ಏನ್ ಮಾಡ್ತೀರಿ?" ಎಂದು ಕ್ಲಾರ್ಕರು ಮೆತ್ತಗೆ ಕೇಳಿದರು. ಒರಟು ಮನುಷ್ಯರಲ್ಲ ಅವರು, ನಿಯಮದ ಮನುಷ್ಯರು.

"ಮನ್ಯಾಗ ಇರ್ಲಿರಿ. ಉಳಿದಿಬ್ರದು ಪೆಟ್ಟಿಗ್ಯಾಗ ಅದಾವ. ಆಕೀದೊಂದ ಇಲ್ಲ."

ಸತ್ತ ಮಗುವಿಗೆ ದಾಖಲೆ ಕೊಡುವ ಪದ್ಧತಿ ಇಲ್ಲ ಎಂದು ಕ್ಲಾರ್ಕರು ಮುಖ್ಯಾಧ್ಯಾಪಕರಿಗೆ ಹೇಳಿದರು. ಮುಖ್ಯಾಧ್ಯಾಪಕರು, ಅದೇ ಐವತ್ತು ಸೆಕೆಂಡಿನವರು, ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಪುಸ್ತಕ ತರಿಸಿ ತಾವೇ ಬರೆಯತೊಡಗಿದರು. ಹೆಸರು, ಹುಟ್ಟಿದ ದಿನ. ಪ್ರಗತಿ: ಸಮಾಧಾನಕರ. ನಡತೆ: ಉತ್ತಮ. ಶಾಲೆ ಬಿಟ್ಟ ಕಾರಣಕ್ಕೆ ಬಂದಾಗ ಪೆನ್ನು ನಿಂತಿತು. ಕೊನೆಗೆ ಅಲ್ಲಿ ಒಂದು ಅಡ್ಡಗೆರೆ ಎಳೆದು, ಸಹಿ ಮಾಡಿ, ಶಿಕ್ಕಾ ಒತ್ತಿ, ಎರಡೂ ಕೈಯಿಂದ ಕೊಟ್ಟರು. ಆ ಮನುಷ್ಯ ಅದನ್ನು ಮಡಚಲಿಲ್ಲ. ಬಗಲಲ್ಲಿದ್ದ ವರ್ತಮಾನಪತ್ರದ ನಡುವೆ ಚಪ್ಪಟೆಯಾಗಿ ಇಟ್ಟುಕೊಂಡು ಹೋದರು.

ಮುಂದಿನ ವರ್ಷ ಅವರೇ ಬಂದು ಐದು ಸಾವಿರ ರೂಪಾಯಿ ಠೇವಣಿ ಇಟ್ಟರು. ಎಂಟನೆಯ ಇಯತ್ತೆಯಲ್ಲಿ ಕನ್ನಡಕ್ಕೆ ಹೆಚ್ಚು ಗುಣ ತೆಗೆದ ಹುಡುಗಿಗೆ ಮಗಳ ಹೆಸರಿನಲ್ಲಿ ಬಹುಮಾನ. ಈ ದತ್ತಿ ಎಂಬುದು ನಮ್ಮ ಧಾರವಾಡ ಸೀಮೆಯ ರೂಢಿ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನಕ್ಕೆ ಹೋಗಿ ನೋಡಿ, ಇವತ್ತು ಒಬ್ಬರ ಹೆಸರಿನ ದತ್ತಿ ಉಪನ್ಯಾಸ, ನಾಳೆ ಇನ್ನೊಬ್ಬರದು. ತಂದೆ ತಾಯಿಗಾಗಿ ಮಕ್ಕಳು ಇಟ್ಟದ್ದು, ಮಕ್ಕಳಿಗಾಗಿ ತಂದೆ ತಾಯಿ ಇಟ್ಟದ್ದು. ಎಷ್ಟು ಚೆಂದದ ರೂಢಿ ಎನ್ನಿಸುತ್ತದೆ. ಆದರೆ ಅದರ ಲೆಕ್ಕವನ್ನೂ ನೋಡಬೇಕು. ಆ ಕಾಲದಲ್ಲಿ ಬ್ಯಾಂಕಿನವರು ಠೇವಣಿಗೆ ನೂರಕ್ಕೆ ಹನ್ನೊಂದು, ಹನ್ನೆರಡು ರೂಪಾಯಿ ಬಡ್ಡಿ ಕೊಡುತ್ತಿದ್ದರು. ಐದು ಸಾವಿರಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ ಆರುನೂರು. ಅದರಲ್ಲಿ ಒಂದು ದೊಡ್ಡ ನಿಘಂಟು, ಒಂದು ಸ್ಟೀಲಿನ ಡಬ್ಬಿ, ಮೇಲೆ ನೂರಾ ಒಂದು ರೂಪಾಯಿಯ ಪಾಕೀಟು ಬರುತ್ತಿತ್ತು. ಈಗ ಬಡ್ಡಿ ಆರು ಆರೂವರೆ. ವಸ್ತುವಿನ ಬೆಲೆ ಕೇಳಬೇಡಿ. ನೆನಪು ಅಷ್ಟೇ ಇದ್ದರೂ ಬಹುಮಾನ ಬಾಲ್‌ಪೆನ್ನಿಗೆ ಬಂದಿದೆ. ನಮ್ಮ ಶಾಲೆಯ ಹಳೆಯ ದತ್ತಿಗಳೆಲ್ಲ ಹೀಗೆ ಕರಗುತ್ತಿವೆ.

ಅವಳ ತಂದೆ ಇಪ್ಪತ್ತು ವರ್ಷ ಗಣರಾಜ್ಯ ದಿನದಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ತಾವೇ ಬಹುಮಾನ ಕೊಡುತ್ತಿದ್ದರು. ಭಾಷಣ ಮಾಡುತ್ತಿರಲಿಲ್ಲ. ಬಹುಮಾನ ಪಡೆದ ಹುಡುಗಿಯನ್ನು ಒಂದೇ ಮಾತು ಕೇಳುತ್ತಿದ್ದರು, "ಯಾವ ಪಾಠ ಸೇರ್ತದವ್ವಾ?" ಒಬ್ಬೊಬ್ಬಳು ಒಂದೊಂದು ಹೇಳುತ್ತಿದ್ದಳು. ಅವರು ತಲೆದೂಗಿ ಕೂರುತ್ತಿದ್ದರು. ಈಚೆಗೆ ನಿಂತು ಕೊಡಲಾಗದೆ ಕೂತೇ ಕೊಟ್ಟರು. ಅದರ ಮುಂದಿನ ವರ್ಷ ಬರಲಿಲ್ಲ. ಈಗ ಅವರ ಹೆಸರೂ ಪಟ್ಟಿಗೆ ಸೇರಬೇಕಾಗಿತ್ತು. ಅವರು ಶಾಲೆಯ ಯಾರು? ಸಂಸ್ಥಾಪಕರಲ್ಲ, ದೊಡ್ಡ ದಾನಿಯಲ್ಲ, ಸಿಬ್ಬಂದಿಯಲ್ಲ. ಮಗಳ ಹೆಸರಿನ ಕೆಳಗೆ ನಾನು ಅವರದನ್ನೂ ಬರೆದೆ.

ಇಷ್ಟಾದ ಮೇಲೆ ಉಳಿದದ್ದು ಆಯಿ.

ನಾನು ಸೇರುವ ಮೊದಲಿನಿಂದಲೂ ಆಯಿ ಇದ್ದಳು. ಬೆಳಿಗ್ಗೆ ಕೀಲಿ ತೆಗೆಯುವವಳು, ಕಸ ಹೊಡೆಯುವವಳು, ಹಂಡೆಗೆ ನೀರು ತುಂಬುವವಳು, ಗಂಟೆ ಬಾರಿಸುವವಳು ಅವಳೇ. ಬಾಲವಾಡಿಯ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡರೆ ತೊಳೆದು, ಬಿಸಿಲಿಗೆ ಹಾಕಿ, ತನ್ನ ಸೆರಗು ಸುತ್ತಿ ಕೂಡಿಸುವವಳೂ ಅವಳೇ. ಆ ಹದಿನೇಳನೆಯ ನಂಬರಿನ ಹುಡುಗಿ ತೀರಿಕೊಂಡಾಗ ಗಂಟೆ ಬಾರಿಸಿರೆಂದು ಮುಖ್ಯಾಧ್ಯಾಪಕರು ಹೇಳಿದರೆ ಆಯಿ ಸುತ್ತಿಗೆ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದಳು. "ನಾ ಬಾರಿಸಂಗಿಲ್ರಿ, ಹುಡುಗ್ರು ಸೂಟಿ ಅಂತ ಓಡ್ತಾವ" ಎಂದಳು. ಕೊನೆಗೆ ಪ್ರತಿ ತರಗತಿಗೂ ತಾನೇ ಹೋಗಿ, ಬಾಗಿಲಲ್ಲಿ ನಿಂತು, ಕೈ ಮಾಡಿ ಕರೆದಳು. ಆ ದಿನ ಅಂಗಳದಲ್ಲಿ ಎರಡು ನಿಮಿಷ ಪೂರ್ತಿ ಎರಡು ನಿಮಿಷವಾಗಿತ್ತು.

ಆಯಿ ಹೋಗಿ ಹದಿನೈದು ವರ್ಷವಾಗಿರಬಹುದು. ಅವಳ ಹೆಸರೇನು? ಯಾರಿಗೂ ಗೊತ್ತಿಲ್ಲ. ಸೇವಾ ಪುಸ್ತಕವಿಲ್ಲ, ಏಕೆಂದರೆ ಅವಳನ್ನು ನೇಮಿಸಿಕೊಂಡದ್ದೇ ಇಲ್ಲ. ತಿಂಗಳಿಗೊಮ್ಮೆ ವೋಚರು. ವೋಚರುಗಳ ಕಟ್ಟನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ ನೋಡಿದೆ. "ಆಯಾ ಇವರಿಗೆ ಪಗಾರ" ಎಂದು ಬರೆದು, ಕೆಳಗೆ ಹೆಬ್ಬೆಟ್ಟು. ಒಂದಲ್ಲ, ನೂರಾರು ಹೆಬ್ಬೆಟ್ಟು. ಕೊನೆಕೊನೆಗೆ ಅದರ ಗೆರೆಗಳೂ ಮಾಸಿದ್ದವು. ಬಾವಿಯ ಹಗ್ಗ, ಕಸಬರಿಗೆ, ಸೋಡಾ ಹಾಕಿದ ನೀರು, ಇವುಗಳಲ್ಲಿ ಬೆರಳು ಸವೆಯದೆ ಇರುತ್ತದೆಯೆ? ವರ್ಷವರ್ಷದ ಗುಂಪು ಚಿತ್ರಗಳಲ್ಲಿ ಹುಡುಕಿದೆ. ಚಿತ್ರ ತೆಗೆಯುವಾಗ ಅವಳನ್ನು ಯಾರೂ ಕರೆದಿರಲಿಲ್ಲ. ಒಂದರಲ್ಲಿ ಮಾತ್ರ ಅಂಚಿನಲ್ಲಿ, ಕುರ್ಚಿ ಹೊತ್ತು ಹೊರಗೆ ಹೋಗುತ್ತಿರುವ ಅರ್ಧ ಬೆನ್ನು, ಹಸಿರು ಇಳಕಲ್ ಸೀರೆ ಇರಬೇಕು. ಚಿತ್ರ ಕಪ್ಪು ಬಿಳುಪು, ಆದರೂ ನನಗೆ ಹಸಿರೆಂದೇ ಕಾಣುತ್ತದೆ.

ಸಂತೆಯ ದಿನ ಕಾಯಿಪಲ್ಲೆ ಚೀಲ ಹಿಡಿದು ಹಳೆಯ ಬೆಂಗೇರಿಯ ಓಣಿಗಳಲ್ಲಿ ಕೇಳುತ್ತ ಹೋದೆ. "ಸಾಲೀ ಆಯಿ ಮನಿ" ಎಂದರೆ ಹುಡುಗರಿಗೂ ಗೊತ್ತು. ಸೊಸೆ ಇದ್ದಳು, ಮೊಮ್ಮಗಳು ಇದ್ದಳು. ಚಾ ಮಾಡಿ ಕೊಟ್ಟರು. ಹೆಸರು ಕೇಳಿದರೆ ಸೊಸೆ ಯೋಚನೆಗೆ ಬಿದ್ದಳು. ತವರಿನ ಹೆಸರು ಒಂದು, ಮದುವೆಯಲ್ಲಿ ಅಕ್ಕಿಯಲ್ಲಿ ಬರೆದು ಬದಲಿಸಿದ್ದು ಇನ್ನೊಂದು, ರೇಷನ್ ಕಾರ್ಡಿನಲ್ಲಿ ಬರೆದುಕೊಂಡವರು ತಪ್ಪು ಕೇಳಿಸಿಕೊಂಡು ಹಾಕಿದ್ದು ಮೂರನೆಯದು.

"ಆಕೀಗೆ ಯಾವುದು ಸೇರ್ತಿತ್ತು?" ಎಂದೆ.

ಮೊಮ್ಮಗಳು ಹೇಳಿದಳು, "ಹೆಸರು ಹಿಡದು ಆಕೀನ್ನ ಯಾರೂ ಕರದಿಲ್ರಿ ಟೀಚರ್. ಸಾಯೂ ಮುಂದ ಮಾತ್ರ ತವರಮನೀ ಹೆಸರಿಂದ ತನ್ನನ್ನ ತಾನ ಕರಕೋತಿದ್ಲು."

ಅದನ್ನೇ ಬರೆದುಕೊಂಡು ಬಂದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಉಳಿದವರ ಹೆಸರುಗಳನ್ನೂ ಬರೆದಿಲ್ಲ. ಅವು ಸ್ಮರಣ ಸಂಚಿಕೆಯಲ್ಲಿವೆ, ಅವರವರ ಮನೆಯವರ ಬಳಿ ಇವೆ.

ಪಟ್ಟಿ ಕಮಿಟಿಯ ಮುಂದೆ ಹೋಯಿತು. ಮೊದಲ ತಕರಾರು ಎದ್ದದ್ದು ಹೆಸರಿನ ಹಿಂದಿನ ಅಕ್ಷರದ ಬಗ್ಗೆ. ನಮ್ಮ ಕಡೆ ಸತ್ತವರ ಹೆಸರಿನ ಹಿಂದೆ ಒಂದು ಚುಕ್ಕೆಯಕ್ಷರ ಬೇಕು. ಕೆಲವರಿಗೆ 'ಕೈ.', ಅಂದರೆ ಕೈಲಾಸವಾಸಿ. ಲಿಂಗಾಯತರಿಗೆ 'ಲಿಂ.'. ಮುಸಲ್ಮಾನರಿಗೆ 'ಮರ್ಹೂಮ್'. ಯಾವುದೂ ಗೊತ್ತಿರದಿದ್ದರೆ 'ದಿ.'. ಶಾಲೆಯಲ್ಲಿ ಒಂದೇ ಹಂಡೆಯ ನೀರು ಕುಡಿದವರು ಸತ್ತ ಮೇಲೆ ನಾಲ್ಕು ದಾರಿ ಹಿಡಿದಂತೆ ಪಟ್ಟಿ ಕಾಣುತ್ತಿತ್ತು. ಇಂಥವರಿಗೆ ಇಂಥದ್ದು ಎಂದು ಅರ್ಧ ತಾಸು ಚರ್ಚೆ ನಡೆಯಿತು. ಯಾವುದೂ ಬೇಡ, ವರ್ಣಮಾಲೆಯ ಕ್ರಮದಲ್ಲಿ ಬರಿಯ ಹೆಸರು ಹಾಕೋಣ ಎಂದು ನಾನು ಹೇಳಿದೆ. ಮಕ್ಕಳ ಹಜೇರಿಯಲ್ಲಿ ನಾವು ಹಾಗೆಯೇ ಬರೆಯುತ್ತೇವಲ್ಲ.

ಆಗ ಎರಡನೆಯ ತಕರಾರು ಬಂತು, ನಿಜವಾದದ್ದು. ವರ್ಣಮಾಲೆಯ ಕ್ರಮವೆಂದರೆ ಆಯಿಯ ಹೆಸರು ಮೊದಲನೆಯ ಸಂಸ್ಥಾಪಕರ ಹೆಸರಿಗಿಂತ ಮೇಲೆ ಬರುತ್ತಿತ್ತು. ಒಬ್ಬ ಸದಸ್ಯರು, "ವೋಚರಿನ ಮ್ಯಾಲೆ ಎಷ್ಟ ಮಂದಿ ಬಂದು ಹೋಗ್ಯಾರ, ಎಲ್ಲಾರನೂ ಹಾಕಿದ್ರ ಪುಸ್ತಕ ಸಾಲೂದಿಲ್ಲ ಬಾಯಾರ" ಎಂದರು. ಎಲ್ಲರನ್ನೂ ಅಲ್ಲ, ಇಪ್ಪತ್ತಾರು ವರ್ಷ ಇದ್ದವಳನ್ನು ಎಂದೆ. ಅವಳು ಸಿಬ್ಬಂದಿಯೆಂದು ಬರೆದರೆ ನಾಳೆ ಮನೆಯವರು ಹಕ್ಕು ಕೇಳಿದರೆ ಏನು ಮಾಡುವುದು ಎಂದು ಇನ್ನೊಬ್ಬರು. ಸಾಯುವವರೆಗೆ ಅವಳು ಏನನ್ನೂ ಕೇಳಲಿಲ್ಲ ಎಂದೆ. ನನ್ನ ದನಿ ಏರಿತ್ತೆಂದು ಆಮೇಲೆ ಗೆಳತಿಯರು ಹೇಳಿದರು. ಏರಿರಬಹುದು. ಪಾಠ ಹೇಳಿ ಹೇಳಿ ನನ್ನ ದನಿಯೇ ಹಾಗಾಗಿದೆ.

ಮೂಲೆಯ ಕುರ್ಚಿಯಲ್ಲಿ ಮೊದಲನೆಯ ಸಂಸ್ಥಾಪಕರ ಪತ್ನಿ ಕೂತಿದ್ದರು. ಎಂಬತ್ತು ದಾಟಿದವರು, ಗೌರವಕ್ಕೆಂದು ಕರೆದಿದ್ದರು, ಮಾತಾಡುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಅವರು ಹೇಳಿದರು: "ಇವರಿಗೆ ಸಾಲಿ ಬಾಗಲಾ ತಗಿಯಾಕ ಬರ್ತಿದ್ದಿಲ್ಲಪಾ. ಆ ಕೀಲಿ ಸಟ್ನ ತಗೀತಿದ್ದಿಲ್ಲ, ಒಂಚೂರು ಎತ್ತಿ ತಿರವಬೇಕಿತ್ತು. ಆಕೀ ಬರೂ ಮಟಾ ಇವರು ಹೊರಗ ನಿಂದರ್ತಿದ್ರು. ಈಗ ಪುಸ್ತಕದಾಗೂ ಆಕೀನ ಮೊದಲ ಹೋಗಲಿ ಬಿಡು."

ಅಲ್ಲಿಗೆ ಮುಗಿಯಿತು.

ಪಟ್ಟಿ ಅಚ್ಚಾಗಿ ಬಂದಾಗ ಇನ್ನೊಂದು ತೊಡಕು ತಿಳಿಯಿತು. ಆ ಹೆಸರನ್ನು ಓದಿದವರಿಗೆ ಇದು ಯಾರೆಂದು ಗೊತ್ತಾಗುತ್ತಿರಲಿಲ್ಲ. ಕರಡು ತಿದ್ದುವಾಗ ಹೆಸರಿನ ಮುಂದೆ ಕಂಸದಲ್ಲಿ 'ಆಯಿ' ಎಂದು ಸೇರಿಸಿದೆ. ಸಮಾರಂಭದ ದಿನ ಹಳೆಯ ವಿದ್ಯಾರ್ಥಿಗಳು ಪುಟ ತಿರುವುತ್ತ ಬಂದು ಅಲ್ಲಿ ನಿಲ್ಲುವುದನ್ನು ನೋಡಿದೆ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬ ತನ್ನ ಹೆಂಡತಿಗೆ ಬೆರಳು ತೋರಿಸಿ ಏನೋ ಹೇಳುತ್ತಿದ್ದ. ಬಾಲವಾಡಿಯ ಚಡ್ಡಿಯ ಕಥೆಯನ್ನಂತೂ ಹೇಳಿರಲಾರ.

ಆಯಿಯ ಸೊಸೆ ಸಮಾರಂಭಕ್ಕೆ ಬಂದಿದ್ದಳು. ಹೋಗುವಾಗ ಸೆರಗಿನ ಗಂಟು ಬಿಚ್ಚಿ ಐದುನೂರಾ ಒಂದು ರೂಪಾಯಿ ನನ್ನ ಕೈಗೆ ಕೊಟ್ಟು, ಅತ್ತೆಯ ಹೆಸರಿನಲ್ಲಿಯೂ ಒಂದು ಬಹುಮಾನ ಇಡಿರಿ ಎಂದಳು. ನಮ್ಮಲ್ಲಿ ಈಗ ದತ್ತಿಗೆ ಹತ್ತು ಸಾವಿರಕ್ಕಿಂತ ಕಡಿಮೆ ತೆಗೆದುಕೊಳ್ಳುವುದಿಲ್ಲವೆಂಬ ನಿಯಮವಿದೆ. ಅದನ್ನು ಅವಳಿಗೆ ಹೇಳಲಿಲ್ಲ. ಶಿಕ್ಷಕರ ಕೋಣೆಯಲ್ಲಿ ಮೇಜಿನ ಮೇಲೆ ಆ ಹಣ ಇಟ್ಟೆ. ಎರಡು ದಿನದಲ್ಲಿ ಹತ್ತು ಸಾವಿರವಾಯಿತು. ಕ್ಲಾರ್ಕರು ಎಲ್ಲರಿಗಿಂತ ಹೆಚ್ಚು ಹಾಕಿದರು.

ಯಾವುದಕ್ಕೆ ಬಹುಮಾನ ಎಂದು ಹೆಚ್ಚು ಚರ್ಚೆಯಾಗಲಿಲ್ಲ. ವರ್ಷದಲ್ಲಿ ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದ ಮಗುವಿಗೆ. ಮೊದಲ ವರ್ಷವೇ ಅಂಥವರು ಮೂವರು ಸಿಕ್ಕರು. ಬಡ್ಡಿ ಬಂದದ್ದು ಆರುನೂರಾ ಐವತ್ತು. ದುರ್ಗದ ಬೈಲಿನ ಕಡೆಯ ಒಂದು ಭಾಂಡೆ ಅಂಗಡಿಯಲ್ಲಿ ಚೌಕಾಶಿ ಮಾಡಿ ಎರಡು ನೂರರಂತೆ ಮೂರು ಸ್ಟೀಲಿನ ಡಬ್ಬಿ ಕೊಂಡೆ. ಹೆಸರು ಕೊರೆಯುವ ಮಶಿನು ಹಿಡಿದುಕೊಂಡು ಹುಡುಗ ಕೇಳಿದ, "ಯಾರ ಹೆಸರು ಹಾಕ್ಲಿರಿ ಅಕ್ಕಾರ, ಕೊಡಾವರದೋ ತಗೊಳ್ಳಾವರದೋ?"

ಎರಡೂ ಹಾಕು ಎಂದೆ. ಜಾಗ ಸಾಲುವುದಿಲ್ಲ ಎಂದ. ಮಗುವಿನ ಹೆಸರು ಮುಚ್ಚಳದ ಮೇಲೆ, ಇನ್ನೊಂದು ತಳಕ್ಕೆ ಹಾಕು ಎಂದು ಹೇಳಿ, ಆ ಹೆಸರನ್ನು ಒಂದು ಚೀಟಿಯಲ್ಲಿ ದುಂಡಗೆ ಬರೆದುಕೊಟ್ಟು, ಅವನು ಒತ್ತಕ್ಷರ ತಪ್ಪದಂತೆ ನೋಡುತ್ತ ನಿಂತೆ.